ಸೋಪಿನ ಡಬ್ಬಿಯೂ ಚಾಲು ಎಂಬ ಮಾತೂ

ನಮ್ಮ ಮನೆಯ ಬೇಸಿನ್ನಿನ ಮೇಲೆ ಗೋಡೆಗೆ ಜಡಿದಿದ್ದ ಸೋಪಿನ ಡಬ್ಬಿ ಕೇಳಿದಷ್ಟು ಸೋಪನ್ನು ಎಂದೂ ಕೊಟ್ಟದ್ದಿಲ್ಲ. ಅದರ ಕೆಳಗೊಂದು ಗುಂಡಿ ಇತ್ತು. ಅದನ್ನು ಅಂಗೈಯಿಂದ ಮೇಲಕ್ಕೆ ಒತ್ತಬೇಕು, ಸೋಪಿನ ನೀರು ಕೈಗೆ ಇಳಿಯಬೇಕು. ಮೊದಲ ಸಲ ಒತ್ತಿದರೆ ಏನೂ ಬರುತ್ತಿರಲಿಲ್ಲ. ಮತ್ತೆ ಒತ್ತಿದರೆ ಒಂದು ಹನಿ, ಅದೂ ಒಲ್ಲದ ಮನಸ್ಸಿನಿಂದ. ಸಿಟ್ಟು ಬಂದು ಜೋರಾಗಿ ಒತ್ತಿದರೆ ಒಳಗೆ ಎಲ್ಲೋ ಗುಳುಕ್ ಎಂದು ಸದ್ದಾಗಿ, ಇಡೀ ಮನೆಯವರು ಕೈ ತೊಳೆದುಕೊಳ್ಳುವಷ್ಟು ಸೋಪು ಒಂದೇ ಸಲಕ್ಕೆ ದೊಪ್ಪನೆ ಬೀಳುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ವಿಶಾಖಪಟ್ಟಣದಲ್ಲಿದ್ದೆವು. ನಮ್ಮ ಮನೆಯವರು ನೌಕಾದಳದಲ್ಲಿ, ಹಡಗಿನ ಎಂಜಿನ್ ಕೋಣೆಯಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕ್ವಾರ್ಟರ್ಸ್ ಸಿಗದೆ ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅವರು ಹಡಗಿನ ಮೇಲೆ ಇರುತ್ತಿದ್ದುದೇ ಹೆಚ್ಚು. ಅಲ್ಲಿ ಎಲ್ಲರದೂ ಹಿಂದಿ. ನನಗೂ ಮಗಳಿಗೂ ತರಕಾರಿಯವರ ಜೊತೆ, ಪಕ್ಕದ ಮನೆಯವರ ಜೊತೆ ಮಾತಾಡಿ ಮಾತಾಡಿ ತೆಲುಗು ಬಂದಿತ್ತು. ಅವರಿಗೆ ಮಾತ್ರ ವರ್ಷಗಳು ಕಳೆದರೂ ತೆಲುಗಿನ ಒಂದು ಮಾತೂ ನಾಲಿಗೆಗೆ ಹತ್ತಿರಲಿಲ್ಲ. ಕಲಿಯಿರಿ ಎಂದರೆ, "ಎಲ್ಲಾ ನಮ್ಮ ಕನ್ನಡದಂಗ ಐತಲ್ಲ, ಕಲಿಯೂದೇನ ಐತಿ ಅದರಾಗ?" ಎನ್ನುತ್ತಿದ್ದರು. ನಮ್ಮದು ಹುಬ್ಬಳ್ಳಿಯ ಕಡೆ.

ಆ ಡಬ್ಬಿಯನ್ನು ಅವರು ಒಡೆದ ಹಡಗಿನ ಸಾಮಾನು ಮಾರುವ ಗುಜರಿ ಅಂಗಡಿಯಿಂದ ತಂದಿದ್ದರು. ರೈಲಿನ ಫಸ್ಟ್ ಕ್ಲಾಸಿನಲ್ಲಿ ಇರುತ್ತಿತ್ತಲ್ಲ, ಹೆಚ್ಚು ಕಡಿಮೆ ಅದೇ ತರಹದ್ದು. ಹಿತ್ತಾಳೆಯ ಮೈ, ಮೇಲೆ ತಿರುಗಿಸಿ ಬಿಗಿಯುವ ಮುಚ್ಚಳ. ಅಲ್ಲಲ್ಲಿ ಹಸಿರು ಕಿಲುಬು ಹಿಡಿದಿತ್ತು. ಸುಮ್ಮನೆ ನಿಂತಿರುವ ಲೋಹ ಕಂಡರೆ ಬಣ್ಣ ಬಳಿಯದೆ ಇರಲಾಗದು ನಮ್ಮ ಮನೆಯವರಿಗೆ. ಅದಕ್ಕೂ ಹಡಗಿನ ಬೂದಿ ಬಣ್ಣ ಬಳಿದರು, ಎರಡು ಸಲ. ಒಣಗಿದ ಮೇಲೆ ಗೋಡೆಗೆ ಹಾಕಿ, ದೂರ ನಿಂತು ನೋಡಿ, "ಇನ್ನ ಮುಂದ ಸೋಪಿನ ಬಿಲ್ಲೆ ಬ್ಯಾಡ" ಎಂದರು. ಉಳಿದ ಸೋಪಿನ ಚೂರುಗಳನ್ನೆಲ್ಲ ನಾನು ಬಿಸಿನೀರಿನಲ್ಲಿ ಕರಗಿಸಿ ತುಂಬಿದೆ.

ಅಂದಿನಿಂದ ರಿಪೇರಿ ಶುರುವಾಯಿತು. ರಜೆಯಲ್ಲಿ ಬಂದಾಗಲೆಲ್ಲ ಡಬ್ಬಿ ಕೆಳಗಿಳಿಯುತ್ತಿತ್ತು. ಸ್ಪ್ರಿಂಗ್ ಸಡಿಲಾಗಿದೆ ಎಂದು ಸ್ಪ್ರಿಂಗ್ ಬದಲಾಯಿಸಿದರು. ವಾಷರ್ ಸವೆದಿದೆ ಎಂದು ಸೈಕಲ್ ಟ್ಯೂಬು ಕತ್ತರಿಸಿ ಹೊಸ ವಾಷರ್ ಮಾಡಿದರು. ಕೊನೆಗೆ ತಪ್ಪು ನನ್ನ ಸೋಪಿನ ಮೇಲೆ ಬಂತು.

"ಅಂಬಲಿ ಮಾಡಿಟ್ಟೀಯಲ್ಲ ಇದನ್ನ. ಇಷ್ಟ ಗಟ್ಟಿ ಇದ್ರ ಹ್ಯಾಂಗ ಇಳೀಬೇಕು?"

"ನೀವು ಇಲ್ಲದಾಗ ನಿಮ್ಮ ಹಡಗಿನ ಪಂಪು ಯಾರ ನೋಡ್ತಾರ್ರಿ?" ಎಂದೆ ನಾನು.

"ಯಾಕ?"

"ಯಾರೋ ಚಲೋತ್ನಂಗ ನೋಡ್ತಿರಬೇಕು. ಅದಕ್ಕ ಇನ್ನೂ ತೇಲಾಕತ್ತೈತಿ."

ಅವರಿಗೆ ಇಂಥ ಮಾತು ತಾಗುತ್ತಿರಲಿಲ್ಲ. ಸೋಪಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಒತ್ತಿ ತೋರಿಸುತ್ತಿದ್ದರು. ರಿಪೇರಿ ಮಾಡಿದ ಕ್ಷಣದಲ್ಲಿ ಅದು ಪ್ರತಿ ಸಲವೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅವರು ಗೆದ್ದವರಂತೆ ನನ್ನ ಕಡೆ ನೋಡಿ, ಮುಚ್ಚಳ ಬಿಗಿದು, ಕೈ ಒರೆಸಿಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಡಬ್ಬಿ ಮತ್ತೆ ತನ್ನ ಹಳೆಯ ಬುದ್ಧಿ ತೋರಿಸುತ್ತಿತ್ತು.

ಇಷ್ಟೇ ಆಗಿದ್ದರೆ ಇದು ನಗುವ ಮಾತಾಗಿ ಉಳಿಯುತ್ತಿತ್ತು. ಮುಂದೆ ಆದದ್ದು ನಗುವ ಮಾತಲ್ಲ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು, ಕಂಡ ಕ್ರಮದಲ್ಲಿಯೇ ಬರೆಯುತ್ತೇನೆ.

ಮಗಳು ಬಂದರಿನ ಹತ್ತಿರ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಪಕ್ಕದ ಕಚೇರಿಯಲ್ಲಿ ಕಸ್ಟಮ್ಸ್ ಕಾಗದಪತ್ರ ನೋಡುವ ಒಬ್ಬ ಹುಡುಗನಿದ್ದ, ವಿಜಯವಾಡದವನು, ತೆಲುಗಿನವನು. ಅವನನ್ನೇ ಮದುವೆಯಾಗುತ್ತೇನೆ ಎಂದು ಅವಳು ನನ್ನ ಹತ್ತಿರ ಹೇಳಿದಳು, ಆಮೇಲೆ ತಂದೆಯ ಹತ್ತಿರವೂ ಹೇಳಿದಳು. ಅವರು ಒಂದು ದಿನ ಸುಮ್ಮನಿದ್ದು, ಹುಡುಗನನ್ನು ಕರೆಸಿ ಮಾತಾಡಿಸಿ, ಹೂಂ ಎಂದರು. ಹುಡುಗನಿಗೆ ತಂದೆ ಇರಲಿಲ್ಲ. ತಾಯಿ ಶಾಲೆಯಲ್ಲಿ ಟೀಚರು. ಒಬ್ಬಳೇ ಅವನನ್ನು ಓದಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅವಳು ಬೇಡ ಎಂದರೆ ತಾನು ಮುಂದೆ ಹೋಗುವುದಿಲ್ಲ ಎಂದು ಅವನು ಮಗಳಿಗೆ ಮೊದಲೇ ಹೇಳಿದ್ದ. ಮಗಳು ಅದಕ್ಕೆ ಒಪ್ಪಿದ್ದಳು. ಹೀಗೆ ಎಲ್ಲವೂ ಆ ಟೀಚರಮ್ಮನ ಒಂದು ಮಾತಿನ ಮೇಲೆ ನಿಂತಿತ್ತು, ಅವಳು ನಮ್ಮನ್ನು ನೋಡಲು ವಿಜಯವಾಡದಿಂದ ಊಟಕ್ಕೆ ಬರುವವಳಿದ್ದಳು.

ಆ ದಿನ ಬೆಳಿಗ್ಗೆ ಮಗಳು ಬೇಸಿನ್ನಿನ ಅಂಚಿನಲ್ಲಿ ಹೊಸ ಸೋಪಿನ ಬಿಲ್ಲೆಯೊಂದನ್ನು ಇಟ್ಟಳು. ನಮ್ಮ ಮನೆಯವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಅಪ್ಪಾ, ಇವತ್ತೊಂದಿನ ಇರಲಿ" ಎಂದಳು ಅವಳು.

"ಡಬ್ಬಿ ಇರೂ ಮನ್ಯಾಗ ಬಿಲ್ಲೆ ಇಟ್ರ, ಡಬ್ಬಿ ಕೆಟ್ಟೈತಿ ಅಂತ ತಿಳೀತಾರ. ಬೆಳಿಗ್ಗೆ ನೋಡೇನಿ, ಸರಿಯಾಗಿ ಐತಿ."

ಊಟ ಚೆನ್ನಾಗಿಯೇ ಆಯಿತು. ಟೀಚರಮ್ಮ ತೆಳ್ಳಗೆ, ನೆಟ್ಟಗೆ ಕುಳಿತುಕೊಳ್ಳುವ ಹೆಂಗಸು. ವೆಂಕಟಗಿರಿಯ ಜರಿ ಸೀರೆ ಉಟ್ಟಿದ್ದಳು. ನನ್ನನ್ನು ವದಿನಗಾರು ಎಂದೂ ಇವರನ್ನು ಅನ್ನಯ್ಯಗಾರು ಎಂದೂ ಕರೆದಳು. ಅತ್ತಿಗೆ, ಅಣ್ಣ ಎನ್ನುವ ಆ ಮಾತು ಕೇಳಿದಾಗ ನನಗೆ ಅರ್ಧ ಕೆಲಸ ಆದಂತೆಯೇ ಅನಿಸಿತು. ನಮ್ಮ ಮನೆಯವರು ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೂ ಅವಳ ಎಲೆಗೆ ಹೋಳಿಗೆ, ತುಪ್ಪ ಬಡಿಸಿದರು. ಕೈಯೆಲ್ಲ ತುಪ್ಪವಾಗಿ ಅವಳು ಬೇಸಿನ್ನಿಗೆ ಎದ್ದು ಬಂದಳು. ನಾನು ಟವಲ್ ಹಿಡಿದು ಪಕ್ಕದಲ್ಲಿ ನಿಂತೆ. ನಮ್ಮ ಮನೆಯವರು ಈಚೆ ನಿಂತರು.

ಅವಳು ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು, ಒಂದು ಹನಿ ಬಂತು. ಅವಳು ಇವರ ಮುಖ ನೋಡಿದಳು. ಇವರು ಮುಂದೆ ಬಂದು, ಅವಳ ಅಂಗೈ ಕೆಳಗಿರಿಸಿಕೊಳ್ಳಲು ಸನ್ನೆ ಮಾಡಿ, ತಮ್ಮ ಹೆಬ್ಬೆರಳಿನಿಂದ ಗುಂಡಿಯನ್ನು ಬಲವಾಗಿ ಮೇಲೆತ್ತಿದರು. ಗುಳುಕ್ ಎಂದಿತು. ಸೋಪು ಬಂತು. ಅವಳ ಅಂಗೈ ತುಂಬಿತು.

"ಚಾಲು" ಎಂದಳು ಟೀಚರಮ್ಮ.

ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಕಡೆ, ಇವರ ಹಡಗಿನ ಹಿಂದಿಯಲ್ಲೂ, ಚಾಲು ಎಂದರೆ ಶುರು ಆಯಿತು, ನಡೆಯುತ್ತಿದೆ, ನಡೆಯಲಿ. ಇವರ ಮುಖ ಅರಳಿತು.

"ಹಾಂ ಹಾಂ, ಚಾಲೂ!" ಎಂದು ಇನ್ನೂ ಒತ್ತಿದರು.

"ಅಯ್ಯೋ, ಚಾಲು, ಚಾಲಂಡಿ!"

"ಚಾಲೂ ಆತ್ರಿ! ಚಾಲೂ ಐತಿ ನೋಡ್ರಿ!"

ಅವಳು ಹೇಳಿದಷ್ಟೂ ಇವರಿಗೆ ಹುರುಪು. ಸೋಪು ಅಂಗೈಯಿಂದ ಮಣಿಕಟ್ಟಿಗೆ, ಬಳೆಗಳಿಗೆ, ಮೊಣಕೈಗೆ ಇಳಿದು ಜರಿ ಸೀರೆಯ ನೆರಿಗೆಯ ಮೇಲೆ ಹರಿಯಿತು. ನೆಲಕ್ಕೂ ಬಿತ್ತು. ಅವಳು ಹಿಂದೆ ಸರಿಯಲು ಹೋಗಿ ಕಾಲು ಜಾರಿ ಬೇಸಿನ್ ಹಿಡಿದುಕೊಂಡಳು. ನನಗೆ ಎರಡೂ ಭಾಷೆ ಗೊತ್ತಿತ್ತು. ಎರಡು ಚಾಲುಗಳೂ ನನ್ನ ತಲೆಯೊಳಗೆ ಒಟ್ಟಿಗೇ ನುಗ್ಗಿ, ಬಾಯಿಗೆ ಯಾವ ಮಾತೂ ಬರದೆ ಹೋಯಿತು. ಕೊನೆಗೆ "ಸಾಕ್ರೀ!" ಎಂದು ಕೂಗಿದೆ. ಇವರು ತಟ್ಟನೆ ನಿಲ್ಲಿಸಿದರು.

ಅದನ್ನು ಟೀಚರಮ್ಮ ಗಮನಿಸಿದಳು. ಅವಳ ಕಣ್ಣು ನನ್ನಿಂದ ಇವರಿಗೆ ಹೋದದ್ದನ್ನು ನಾನು ನೋಡಿದೆ. ಬಾಗಿಲಲ್ಲಿ ನಿಂತ ಮಗಳ ಮುಖವನ್ನೂ ನೋಡಿದೆ. ಅದನ್ನು ನೋಡಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ನಾನು ಸೀರೆ ಒರೆಸಿಕೊಟ್ಟೆ. ಭಾಷೆಯ ವಿಷಯ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಹುಡುಗ ಆಟೋ ತಂದಿದ್ದ, ರೈಲಿನ ಹೊತ್ತಾಗಿತ್ತು. ಹೊರಡುವಾಗ ನಮ್ಮ ಮನೆಯವರು ಕೈಜೋಡಿಸಿ ಮದುವೆಯ ಮಾತೆತ್ತಿದರು, ಹಿಂದಿಯಲ್ಲಿ. ಟೀಚರಮ್ಮ ನಕ್ಕು ಹೇಳಿದಳು:

"ತೊಂದರೇಮೀ ಲೇದು, ಅನ್ನಯ್ಯಗಾರು. ಚೂದ್ದಾಂ."

ಆಟೋ ತಿರುವು ದಾಟುವವರೆಗೂ ಇವರು ಕೈ ಬೀಸಿದರು. ಒಳಗೆ ಬಂದು ಕುರ್ಚಿಯಲ್ಲಿ ಹಾಯಾಗಿ ಕುಳಿತು, "ನೋಡಿದ್ರ್ಯಾ? ಎಷ್ಟ ದೊಡ್ಡ ಮನಸು. ಸೀರಿ ಹಾಳಾದ್ರೂ ತೊಂದರಿ ಏನೂ ಇಲ್ಲ ಅಂದ್ರು" ಎಂದರು.

ಮಗಳು ಒಳಗಿಂದಲೇ ಹೇಳಿದಳು: "ಅಪ್ಪಾ, ತೆಲುಗಿನ್ಯಾಗ ತೊಂದರ ಅಂದ್ರ ಅವಸರ. ಅವಸರ ಏನೂ ಇಲ್ಲ, ನೋಡೋಣು ಅಂದ್ರು."

"ಅಂದ್ರ?"

"ಅಂದ್ರ ಒಲ್ಲೆ ಅಂದ್ರು."

ಚಾಲು ಎಂದರೇನೆಂದು ಆಮೇಲೆ ನಾನು ಹೇಳಿದೆ. ಅವರು ಜೇಬಿನಿಂದ ಸೋಪಿನ ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. ಅವರನ್ನು ಚೇಷ್ಟೆ ಮಾಡುವುದೇ ನನ್ನ ಸಂಸಾರದ ಅರ್ಧ ಸುಖ. ಆದರೆ ಅವತ್ತು ನಾನು ಊಟದ ಎಲೆಗಳನ್ನು ತೆಗೆಯಲು ಎದ್ದುಹೋದೆ.

ಮರುದಿನ ಅವರು ಡಬ್ಬಿಯನ್ನು ಗೋಡೆಯಿಂದ ಇಳಿಸಿದರು. ಬಿಸಾಡುತ್ತಾರೆ ಎಂದುಕೊಂಡೆ. ಇಲ್ಲ, ಅಂಗಳದಲ್ಲಿ ಹಳೆಯ ಪೇಪರ್ ಹಾಸಿ ಪೂರ್ತಿ ಬಿಚ್ಚಿದರು. ಗುಂಡಿ, ಕಡ್ಡಿ, ಸ್ಪ್ರಿಂಗ್, ವಾಷರ್ ಎಲ್ಲವನ್ನೂ ಬಿಸಿನೀರಿನಲ್ಲಿ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಡಬ್ಬಿಯ ಬಾಯಲ್ಲಿ ಗಟ್ಟಿಯಾಗಿ ಕೂತಿದ್ದ ಸೋಪನ್ನು ಕೆರೆದು ತೆಗೆದರು. ಮತ್ತೆ ಜೋಡಿಸಿ, ತೆಳ್ಳನೆಯ ಸೋಪು ಹಾಕಿ ಒತ್ತಿದರು. ಒಂದೇ ಸಮ ಬಂತು. ಮುಚ್ಚಳ ಬಿಗಿದು ಸ್ವಲ್ಪ ಹೊತ್ತು ಒತ್ತುತ್ತ ಕುಳಿತರು. ಮೊದಲು ಬಂತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತಿತು, ಆಮೇಲೆ ಗುಳುಕ್.

ಅಕ್ಕಿ ಆರಿಸುತ್ತ ಕುಳಿತಿದ್ದ ನಾನು ಹೇಳಿದೆ: "ಸೋಪು ತುಂಬಾಕ ನಾ ಮುಚ್ಚಳಾ ತಗದಾಗೆಲ್ಲಾ ಅದು ಸುಯ್ ಅಂತ ಉಸಿರು ಎಳಕೋತೈತಿ ನೋಡ್ರಿ."

ಅವರ ಕೈ ನಿಂತಿತು. "ಏನಂದಿ?"

"ಸುಯ್ ಅಂತೈತಿ. ಪ್ರತಿ ಸಲ."

ಅವರು ಮುಚ್ಚಳ ತಿರುಗಿಸಿದರು. ಸುಯ್ ಎಂದಿತು. ಅವರು ಹಣೆ ಹಿಡಿದುಕೊಂಡರು. ಒಳಗಿನ ಸೋಪು ಇಳಿಯಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು. ಗಾಳಿಗೆ ದಾರಿ ಇಲ್ಲದಿದ್ದರೆ ಸೋಪು ಒಳಗೇ ತಡೆದು ನಿಲ್ಲುತ್ತದೆ. ಗಾಳಿ ಕೆಳಗಿನ ಬಾಯಿಂದಲೇ ಜಗ್ಗಿಕೊಂಡು ಒಳಗೆ ಹೋದಾಗ ಒಮ್ಮೆಲೇ ಬೀಳುತ್ತದೆ. ಇದು ಅವರು ಜೀವನವಿಡೀ ಪಂಪುಗಳ ಜೊತೆ ಮಾಡಿದ ಕೆಲಸ. ಮನೆಯಲ್ಲಿ ಮಾತ್ರ ಪ್ರತಿ ಸಲವೂ ಮುಚ್ಚಳ ತೆಗೆದಿಟ್ಟೇ ಪರೀಕ್ಷೆ ಮಾಡಿದ್ದರು. ನನ್ನ ಹೊಲಿಗೆಯ ಸೂಜಿ ಕೇಳಿ ಇಸಿದುಕೊಂಡು, ಮುಚ್ಚಳದ ನಡುವೆ ಕೆರೆದರು. ಬೂದಿ ಬಣ್ಣದ ಎರಡು ಪದರ ಎದ್ದುಬಂತು. ಅದರ ಕೆಳಗೆ ಸೂಜಿಯ ಮೊನೆಯಷ್ಟು ಸಣ್ಣ ತೂತು ಇತ್ತು. ಡಬ್ಬಿ ಮಾಡಿದವರು ಉಸಿರಾಡಲು ಬಿಟ್ಟಿದ್ದ ತೂತನ್ನು ಇವರು ಅಂದಕ್ಕೆಂದು ಬಣ್ಣ ಬಳಿದು ಮುಚ್ಚಿದ್ದರು.

ಮುಚ್ಚಳ ಹಾಕಿ ಒತ್ತಿದರು. ಒಂದು ಒತ್ತಿಗೆ ಒಂದು ಚಮಚದಷ್ಟು ಸೋಪು, ಎಷ್ಟು ಸಲ ಒತ್ತಿದರೂ ಅಷ್ಟೇ. ಅಷ್ಟರಲ್ಲಿ ಕಚೇರಿಗೆ ಹೊರಟಿದ್ದ ಮಗಳು ಅಂಗಳಕ್ಕೆ ಬಂದಳು.

"ನೋಡವಾ, ಈಗ ಒಂದ ಸಮ ಬರಾಕತ್ತೈತಿ" ಎಂದರು.

ಅವಳು ನೋಡಿದಳು. "ಚಲೋ ಆತಪ್ಪಾ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳು ಬೈದಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆ ಹುಡುಗನೇ ನಮ್ಮ ಮನೆಗೆ ಬಂದ. ತಾಯಿಗೆ ಸೀರೆಯ ಚಿಂತೆಯಿಲ್ಲ ಎಂದ. ಅವಳು ಹೇಳಿದ್ದು ಬೇರೆ: 'ನಾನು ಸಾಕು ಸಾಕು ಎಂದು ಬೇಡಿಕೊಂಡರೂ ಆ ಮನುಷ್ಯ ನಗುತ್ತ ನಡೆಸಿಯೇ ನಡೆಸಿದ. ಹೆಂಡತಿ ಚೀರಿದ ಮೇಲೆ ನಿಲ್ಲಿಸಿದ. ಸಾಕು ಎಂದರೆ ಕೇಳದ ಮನೆಯ ಸಂಬಂಧ ಹೇಗೆ ಬೆಳೆಸಲಿ?' ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಕಂಡದ್ದನ್ನೇ ಅವಳು ಹೇಳಿದ್ದಳು. ನಾನು ನಮ್ಮ ಚಾಲುವಿನ ಅರ್ಥ ಹೇಳಿದೆ. ಹುಡುಗ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ, "ಇದನ್ನ ನಾನು ಹೇಳಿದರೆ ಅಮ್ಮ ನಂಬೋದಿಲ್ಲ ಆಂಟಿ. ನಾನು ಕಟ್ಟಿದ ಕತೆ ಅಂತಾಳೆ. ನೀವೇ ಬರಬೇಕು" ಎಂದು ತೆಲುಗಿನಲ್ಲಿ ಹೇಳಿದ.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ನಾವು ಮೂವರೂ ವಿಜಯವಾಡಕ್ಕೆ ಹೋದೆವು. ದಾರಿಯುದ್ದಕ್ಕೂ ನಮ್ಮ ಮನೆಯವರು ಕಡಲೆಕಾಯಿಯವನು, ಚಹದವನು ಕೂಗಿದ ಒಂದೊಂದು ಮಾತಿಗೂ "ಹಂಗಂದ್ರ ಏನ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಯಾವ ಮಾತಿನ ಮೇಲೂ ಅವರಿಗೆ ನಂಬಿಕೆ ಉಳಿದಿರಲಿಲ್ಲ.

"ಚಹಾ ಅಂದ್ರ ಚಹಾನ್ರಿ" ಎಂದೆ.

"ಎರಡೂ ಕಡೆ?"

"ಎರಡೂ ಕಡೆ. ಕುಡೀರಿ."

ಕಾಲುವೆಯ ಹತ್ತಿರದ ಗಲ್ಲಿಯಲ್ಲಿ ಅವರ ಮನೆ. ಹುಡುಗ ಹಿಂದಿನ ದಿನವೇ ಅಲ್ಲಿಗೆ ಬಂದಿದ್ದ. ಟೀಚರಮ್ಮ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಮರ್ಯಾದೆಗೆ ಕೊರತೆ ಇರಲಿಲ್ಲ, ಮಾತು ಮಾತ್ರ ಅಳೆದು ಬರುತ್ತಿತ್ತು. ನಾನು ವಿಷಯ ಎತ್ತಿದೆ. ಅವಳು ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು, "ಮೊದಟಿ ನುಂಚಿ ಚೆಪ್ಪಂಡಿ, ವದಿನಗಾರು" ಎಂದಳು. ಮೊದಲಿಂದ ಹೇಳಿರಿ ಎಂದು.

ಮಾರ್ಕೆಟ್ಟಿನಲ್ಲಿ ಕಲಿತ ತೆಲುಗಿನಲ್ಲಿ ನಾನು ಮೊದಲಿಂದ ಹೇಳಿದೆ. ಅವಳು ಒತ್ತಿದ್ದು, ಹನಿ ಬಂದದ್ದು, ಇವರು ಮುಂದೆ ಬಂದದ್ದು, ಅವಳು ಯಾವಾಗ ಏನೆಂದಳು, ಇವರು ಏನೆಂದರು. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. ಪಕ್ಕದ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು, ನನ್ನ ಮಾತು ಕೇಳಲೆಂದೋ ಏನೋ ಯಾರೋ ಅದನ್ನು ಆರಿಸಿದರು. ನಮ್ಮಲ್ಲಿ ಚಾಲು ಎಂದರೆ ನಡೆಯಲಿ ಎಂದು ಅರ್ಥ ಎಂದಾಗ ಹುಡುಗ "ನಿಜ ಅಮ್ಮಾ" ಎಂದ. "ನೀನು ಸುಮ್ಮನಿರು" ಎಂದಳು ತಾಯಿ. ಆಮೇಲೆ ತಿರುಗಿ ನೇರವಾಗಿ ನಮ್ಮ ಮನೆಯವರನ್ನು ನೋಡಿ ಕೇಳಿದಳು:

"ನಿಜಮಾ, ಅನ್ನಯ್ಯಗಾರು?"

ಆ ಒಂದು ಮಾತು ಅವರಿಗೆ ನೇರವಾಗಿ ತಿಳಿಯಿತು. ಆದರೂ ಮೋಸ ಹೋಗಬಾರದೆಂದು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. "ನಿಜಾರಿ" ಎಂದರು. "ನೀವು ಚಾಲು ಅಂದಂಗೆಲ್ಲಾ ನನಗ ಭಾಳ ಖುಷಿ ಆತು. ಡಬ್ಬಿ ಚಲೋ ಐತಿ ಅಂತ ಹೊಗಳಾಕತ್ತೀರಿ ಅಂತ ತಿಳ್ಕೊಂಡೆ." ನಾನು ಅದನ್ನು ತೆಲುಗಿಗೆ ತಿರುಗಿಸಿದೆ. ಟೀಚರಮ್ಮನ ತುಟಿಯ ಒಂದು ತುದಿ ಅಲುಗಿತು, ಅಷ್ಟೇ.

ಅವಳು ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನೀನು ಹೇಳು. ಮನೆಯಲ್ಲಿ ನೀನು ಸಾಕು ಅಂದರೆ ನಿಮ್ಮ ಅಪ್ಪ ಕೇಳುತ್ತಾರಾ?"

ಆ ವಾರವೆಲ್ಲ ಮಗಳು ತಂದೆಯ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಹೋಳಿಗೆ ಬಡಿಸುವಾಗ ಕೇಳುವುದಿಲ್ಲ" ಎಂದಳು ಮಗಳು ತೆಲುಗಿನಲ್ಲಿ.

"ಅದು ನನಗೂ ಗೊತ್ತಾಯಿತು. ಬೇರೆ ಏನಾದರೂ?"

ಮಗಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಓದಿದ್ದು ಸಾಕು, ಕೆಲಸಕ್ಕೆ ಹೋಗುತ್ತೇನೆ ಅಂದೆ, ಕೇಳಿದರು. ಊರಿಂದ ಗಂಡು ತಂದಾಗ ಸಾಕು, ಇನ್ನು ತರಬೇಡಿ ಅಂದೆ, ಆಗಲೂ ಕೇಳಿದರು. ನಿಮ್ಮ ಮಗನ ವಿಷಯ ಹೇಳಿದಾಗ ಒಂದು ದಿನ ಊಟ ಮಾಡಲಿಲ್ಲ, ಆಮೇಲೆ ಕೇಳಿದರು."

ಊಟ ಮಾಡದ ವಿಷಯ ಅವಳಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಟೀಚರಮ್ಮ ಅವಳ ಕೈಯನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಶ್ರಾವಣದಲ್ಲಿ ಮದುವೆ ಇಟ್ಟುಕೊಳ್ಳೋಣ, ಒಂದೇ ಷರತ್ತು, ಮದುವೆಯ ಊಟಕ್ಕೆ ಅನ್ನಯ್ಯಗಾರು ಬಡಿಸಕೂಡದು ಎಂದಳು. ಹೇಳಿ ಮುಗಿಸುವ ಮೊದಲೇ ಅವಳಿಗೇ ನಗು ತಡೆಯಲಾಗಲಿಲ್ಲ. ಹುಡುಗ ನಕ್ಕ, ನಾನು ನಗುತ್ತ ಅತ್ತೆ, ಮಗಳು ಮುಖ ಮುಚ್ಚಿಕೊಂಡಳು.

ಮಗಳ ಮದುವೆ ನಿಶ್ಚಯವಾದದ್ದು ಆ ಕೋಣೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಮಜ್ಜಿಗೆಯ ಲೋಟ ಹಿಡಿದು, ನಗುವವರ ಮುಖಗಳನ್ನೂ ಅಳುವವರ ಮುಖಗಳನ್ನೂ ಒಂದೊಂದಾಗಿ ನೋಡುತ್ತಿದ್ದರು. "ಏನಾತು? ಏನಂದ್ರು?" ಎಂದು ನನ್ನನ್ನು ಕೇಳಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಗಳು ಎದ್ದು ಬಂದು ಅವರ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಒಪ್ಪಿದ್ರಪ್ಪಾ."

ಅವರು ಅವಳ ಮುಖವನ್ನೇ ನೋಡಿದರು. "ಒಪ್ಪಿದ್ರು ಅಂದ್ರ ಇವರದ್ರಾಗೂ ಒಪ್ಪಿದ್ರು ಅಂತನ ಏನವಾ?"

"ಹೂಂ ಅಪ್ಪಾ. ಅದಂತೂ ಎರಡರಾಗೂ ಒಂದ."

ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಅದನ್ನು ಅವಳ ಕೈಗೆ ಕೊಟ್ಟರು.